ಅಜ್ಜನ ರೀಲು ಖಾಲಿ ಬಂತು

"ಮೋಳೆ, ಮಗಳೇ, ಇದರಲ್ಲಿ ಏನೂ ಇಲ್ಲ."

ಫೋಟೊ ಸ್ಟುಡಿಯೋದ ಪ್ರೇಮ ಚೇಚಿ, ಅಂದರೆ ಪ್ರೇಮಕ್ಕ, ತೊಳೆದ ರೀಲನ್ನು ಟ್ಯೂಬ್‌ಲೈಟಿಗೆ ಹಿಡಿದರು. ಸುಪ್ರೀತಾ ಕೌಂಟರಿನ ಮೇಲೆ ಕೈಯೂರಿ, ತುದಿಗಾಲಲ್ಲಿ ನಿಂತು ನೋಡಿದಳು. ಗೋದಾಮಿನ ಗೋಡೆಯಿಲ್ಲ, ಕಮಾನಿಲ್ಲ. ರೀಲಿನ ಆಚೆ ಚೇಚಿಯ ಕನ್ನಡಕ ಮಾತ್ರ ಕಾಣುತ್ತಿತ್ತು.

"ಏನೂ ಇಲ್ಲ ಅಂದ್ರೆ? ಮೂವತ್ತಾರು ಫೋಟೊ ಉಂಟು ಚೇಚಿ! ಅಜ್ಜ ತೆಗೆಯುವಾಗ ನಾನೇ ಲೆಕ್ಕ ಮಾಡಿದ್ದೇನೆ."

ಚೇಚಿ ರೀಲಿನ ಡಬ್ಬಿಯನ್ನು ತಿರುಗಿಸಿದರು. ಮೇಲೆ ಕಲರ್ ಎಂದೇ ಇತ್ತು. ಅವರ ಕೈ ಅಲ್ಲೇ ನಿಂತಿತು.

"ಅಯ್ಯೋ! ಈ ಖಾಲಿ ಡಬ್ಬಿ ನಾನೇ ನಿನ್ನ ಅಜ್ಜನಿಗೆ ಕೊಟ್ಟದ್ದು. ಅವರು ಬ್ಲ್ಯಾಕ್ ಆ್ಯಂಡ್ ವೈಟ್ ಫಿಲ್ಮ್ ಉದ್ದಕ್ಕೆ ತರಿಸಿ, ತುಂಡು ಮಾಡಿ, ನಮ್ಮ ಹಳೇ ಡಬ್ಬಿಗಳಲ್ಲಿ ತುಂಬಿಸ್ತಾರೆ. ನಮ್ಮದು ಕಲರ್ ಮೆಷಿನ್. ಅದಕ್ಕೆ ಬ್ಲ್ಯಾಕ್ ಆ್ಯಂಡ್ ವೈಟ್ ಹಾಕಿದರೆ ಚಿತ್ರವನ್ನೇ ತಿಂದುಬಿಡ್ತದೆ."

"ಇನ್ನೊಂದ್ಸಲ ಹಾಕಿ. ಪ್ಲೀಸ್!"

"ಹೋದದ್ದು ಬರುವುದಿಲ್ಲ ಮೋಳೆ."

ಸುಪ್ರೀತಾ ಕೌಂಟರಿನಿಂದ ಕೈ ತೆಗೆದಳು.

ಕೋರ್ಟಿನ ಕೆಲಸದಿಂದ ರಿಟೈರಾದ ಸುಬ್ರಾಯ ಅಜ್ಜ ಎಲ್ಲೆಲ್ಲೋ ಹೋಗಿ ಪಾಳುಬಿದ್ದ ಕೋಟೆ, ಬಂಗಲೆಗಳ ಫೋಟೊ ತೆಗೆಯುತ್ತಿದ್ದರು. "ಬಣ್ಣ ಇದ್ದರೆ ಕಣ್ಣು ಅದರ ಹಿಂದೆಯೇ ಹೋಗ್ತದೆ, ಕಲ್ಲನ್ನು ನೋಡುವುದಿಲ್ಲ" ಎನ್ನುತ್ತಿದ್ದರು. ಆದರೆ ಫೋರ್ಟ್ ಕೊಚ್ಚಿಯ ಅವರ ಮನೆಯ ಹತ್ತಿರವೇ ಇದ್ದ ಡಚ್ಚರ ಕಾಲದ ಗೋದಾಮಿನ ಒಂದು ಫೋಟೊವನ್ನೂ ತೆಗೆದಿರಲಿಲ್ಲ. "ಅದೆಂತ ಓಡಿ ಹೋಗ್ತದಾ?" ಎನ್ನುತ್ತಿದ್ದರು.

ಕಳೆದ ತಿಂಗಳು ಅದನ್ನು ಕೆಡವುತ್ತಾರೆ ಎಂಬ ಸುದ್ದಿ ಬಂತು. ಅಜ್ಜ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತು ಈ ಒಂದು ರೀಲು ಮುಗಿಸಿದರು. ಮರುದಿನ ಜೆಸಿಬಿ ಬಂತು. ಈಗ ಅಲ್ಲಿ ಬರೀ ಮಣ್ಣು.

ರೀಲು ತೊಳೆಯುವುದೂ ಅಜ್ಜನೇ, ಬಚ್ಚಲುಮನೆಯಲ್ಲಿ. ಅದಕ್ಕೆ ಬೇಕಾದ ಪುಡಿ ಚೆನ್ನೈಯಿಂದ ಬರಬೇಕಿತ್ತು. ಅಜ್ಜ ದಿನವೂ ಪೋಸ್ಟ್‌ಮ್ಯಾನ್‌ನ ದಾರಿ ಕಾಯುತ್ತಿದ್ದರು. ಚೇಚಿಯ ಅಂಗಡಿಯ ಬೋರ್ಡಿನಲ್ಲಿ 'ಒಂದೇ ಗಂಟೆಯಲ್ಲಿ ಫೋಟೊ' ಎಂದಿತ್ತು. ಸರ್‌ಪ್ರೈಸ್ ಮಾಡೋಣ ಎಂದು ಸುಪ್ರೀತಾ ಶಾಲೆಯಿಂದ ಬಂದವಳೇ ರೀಲು ಎತ್ತಿಕೊಂಡು ಓಡಿದ್ದಳು.

"ನಡಿ, ನಾನೂ ಬರ್ತೇನೆ." ಚೇಚಿ ಅಂಗಡಿಯ ಶಟರ್ ಅರ್ಧ ಎಳೆದರು.

ಅಜ್ಜ ಜಗಲಿಯಲ್ಲೇ ಇದ್ದರು. "ಓ, ಪ್ರೇಮ! ಬನ್ನಿ ಬನ್ನಿ. ಎಂತ, ನಮ್ಮ ಮಂಗ ಅಂಗಡಿಯಲ್ಲಿ ಏನಾದರೂ ಒಡೆದು ಹಾಕಿತಾ?" ಎಂದು ನಕ್ಕರು.

ಚೇಚಿ ರೀಲನ್ನು ಅವರ ಕೈಗಿಟ್ಟರು.

"ಸಾರ್, ತಪ್ಪು ನನ್ನದು. ಡಬ್ಬಿ ನೋಡಿಯೇ ನಿಮ್ಮದಿರಬಹುದು ಅಂತ ಗೊತ್ತಾಗಬೇಕಿತ್ತು. ಮೆಷಿನ್‌ಗೆ ಹಾಕಿಬಿಟ್ಟೆ."

ಅಜ್ಜ ರೀಲನ್ನು ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದು ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

"ಗೋದಾಮಿನದ್ದಾ?" ಅಜ್ಜ ತಲೆಯೆತ್ತಿದರು. "ಇದು ನಿಮ್ಮ ಅಂಗಡಿಗೆ ಹೇಗೆ ಬಂತು?"

"ಅದು... ಸಾರ್..." ಸುಪ್ರೀತಾಳ ಹೆಸರು ಹೇಳಲು ಚೇಚಿಗೆ ಮನಸ್ಸಿರಲಿಲ್ಲ.

"ನಾನು ಕೊಂಡುಹೋದದ್ದು ಅಜ್ಜ," ಸುಪ್ರೀತಾ ಹೇಳಿದಳು. "ಕೇಳದೆ. ಕಲರಾ ಅಂತ ಚೇಚಿ ಕೇಳಿದ್ರು. ಹೌದು ಅಂದೆ. ಸಾರಿ."

'ಪರವಾಗಿಲ್ಲ ಬಿಡು' ಎನ್ನುತ್ತಾರೆ ಎಂದು ಕಾದಳು. ಅಜ್ಜ ಯಾವಾಗಲೂ ಹಾಗೆಯೇ ಹೇಳುವವರು. ಈಗ ಹೇಳಲಿಲ್ಲ.

"ನನಗೆ ತುಂಬಾ ಸಿಟ್ಟು ಬಂದಿದೆ ಸುಪ್ಪಿ. ಈಗ ನನ್ನ ಹತ್ತಿರ ಮಾತಾಡ್ಬೇಡ."

ಅವಳಿಗೆ ಅಳುವೂ ಬರಲಿಲ್ಲ. ಅಜ್ಜ ಹೀಗೆ ಹೇಳಿದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಅಜ್ಜ ಚೇಚಿಗೆ ಕುರ್ಚಿ ಎಳೆದರು. "ಕೂತ್ಕೊಳ್ಳಿ. ಡಬ್ಬಿ ಕೊಟ್ಟದ್ದು ನೀವು ಮಾಡಿದ ಉಪಕಾರ, ಅದು ತಪ್ಪಾ? ಬ್ಲ್ಯಾಕ್ ಆ್ಯಂಡ್ ವೈಟ್ ಅಂತ ಚೀಟಿ ಅಂಟಿಸದೆ ಇಟ್ಟವ ನಾನು." ರೀಲನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಅಡುಗೆಮನೆಗೆ ಹೋದರು.

ಒಳಗೆ ಪಾತ್ರೆಯ ಸದ್ದಾಯಿತು. ಚೇಚಿಗೆ ಚಹಾ ಬಂತು. ಸುಪ್ರೀತಾ ಬಾಗಿಲ ಸಂದಿಯಿಂದ ನೋಡಿದಳು. ಅಜ್ಜ ಬೆನ್ನು ಹಾಕಿ ನಿಂತು, ಹಾಲನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಸುರಿಯುತ್ತಿದ್ದರು. ಆಮೇಲೆ ಬಂದು ಲೋಟವನ್ನು ಅವಳ ಪಕ್ಕದಲ್ಲಿಟ್ಟರು. ಮುಖ ನೋಡಲಿಲ್ಲ. ಒಳಗೆ ಹೋದರು.

ಸುಪ್ರೀತಾ ಲೋಟ ಮುಟ್ಟಿದಳು. ಅವಳ ನಾಲಿಗೆ ತಡೆಯುವಷ್ಟೇ ಬಿಸಿ.

ಅಜ್ಜನ ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ನಿಂತು ಅವಳಿಗೆಂದು ಹಾಲು ಆರಿಸಿದ್ದರು.

ಅವಳು ಇನ್ನೊಮ್ಮೆ ಸಾರಿ ಎನ್ನಲಿಲ್ಲ. ಸದ್ದಾಗದಂತೆ ಹಾಲು ಕುಡಿದಳು.