ರೇಡಿಯೊದಲ್ಲಿ ಆಡಬಾರದ ಮಾತು

ಎಮೀಲ್ ಗೊಡೆ ಆ ಮಾತು ಆಡಿದಾಗ ಹ್ಯಾಲಿಫ್ಯಾಕ್ಸ್‌ನ ಅರ್ಧ ಊರು ಬೆಳಗಿನ ಕಾಫಿ ಹಿಡಿದು ರೇಡಿಯೊ ಕೇಳುತ್ತಿತ್ತು.

"ಕಟ್ರೀನಾ ಅವರ ತಂದೆಯೇ ಸೊಂಟದ ಆಪರೇಷನ್‌ಗೆ ಕಾಯ್ತಾ ಇದ್ದಾರೆ. ಹಾಗಾಗಿ ಇದು ಸಂಶೋಧನೆ ಅಲ್ಲ, ಅವರ ಸ್ವಂತ ಸಂಕಟ."

ಎದುರಿನ ಮೈಕಿನ ಮುಂದೆ ಕೂತಿದ್ದ ಕಟ್ರೀನಾ ರಾಂಕಿನ್‌ಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಅವಳು ಕೆಲಸ ಮಾಡುತ್ತಿದ್ದದ್ದು ಸರ್ಕಾರ ಕಡಿಮೆ ಕೈಯಾಡಿಸಿದಷ್ಟೂ ಜನಕ್ಕೆ ಒಳ್ಳೆಯದು ಎನ್ನುವ ಸಂಪ್ರದಾಯವಾದಿ ಥಿಂಕ್ ಟ್ಯಾಂಕ್ ಒಂದರಲ್ಲಿ, ಅಂದರೆ ನೀತಿ ಸಂಶೋಧನೆಯ ಸಂಸ್ಥೆಯಲ್ಲಿ. ಎಮೀಲ್ ಆಸ್ಪತ್ರೆ ನೌಕರರ ಯೂನಿಯನ್ನಿನ ಸಂಶೋಧಕ. ಗುರುವಾರದ ಚರ್ಚೆಗೆ ಇಬ್ಬರನ್ನೂ ಎದುರುಬದುರು ಕೂರಿಸುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಮುಂದಿನ ಉದ್ದ ಸರದಿ ಕರಗಬೇಕಾದರೆ ಖರ್ಚು ಸರ್ಕಾರವೇ ಕೊಡಲಿ, ಆಪರೇಷನ್ ಖಾಸಗಿ ಕ್ಲಿನಿಕ್ಕಿನಲ್ಲೂ ಆಗಲಿ ಅನ್ನುವುದು ಅವಳ ವಾದ. ಕ್ಲಿನಿಕ್ಕಿನವರು ನರ್ಸ್‌ಗಳನ್ನು ಸೆಳೆದುಕೊಂಡರೆ ಎಲ್ಲರ ಸರ್ಕಾರಿ ಆಸ್ಪತ್ರೆ ಬರಿದಾಗುತ್ತದೆ ಅನ್ನುವುದು ಅವನದು.

ಜಗಳ ಮೈಕಿನ ಮುಂದೆ ಮಾತ್ರ. ಹೊರಗೆ ಬಂದರೆ ಅವನ ಕಣ್ಣಿನ ಅಂಚಿನಲ್ಲಿ ಒಂದು ನಗು ಕಾದಿರುತ್ತಿತ್ತು. ಅದನ್ನು ನೋಡಲೆಂದೇ ಅವಳು ಕೋಟಿನ ಗುಂಡಿ ಹಾಕಿಕೊಳ್ಳಲು ಬೇಕೆಂದೇ ತಡಮಾಡುತ್ತಿದ್ದಳು.

ಹೋದ ಭಾನುವಾರ ಇಬ್ಬರೂ ಮೀನಿನ ಚೌಡರ್ ಸೂಪು ಕುಡಿದು ಬಂದರಿನ ಉದ್ದಕ್ಕೂ ನಡೆದಿದ್ದರು. ಗಾಳಿ ಅವಳ ಕೂದಲನ್ನೆಲ್ಲ ಮುಖಕ್ಕೆ ತಂದಿತ್ತು. ಅವನು ಒಂದೊಂದೇ ಎಳೆ ಸರಿಸಿದ್ದ. ಆಗ ಹೇಳಿಕೊಂಡಿದ್ದಳು, ಅಪ್ಪನ ವಿಷಯ. ಮೀನು ಹಿಡಿಯುವ ದೋಣಿ ಹತ್ತುತ್ತಿದ್ದ ಮನುಷ್ಯ ಈಗ ಮೆಟ್ಟಿಲು ಹತ್ತಲಾರ, ನಡುಮನೆಯ ಸೋಫಾದಲ್ಲೇ ಮಲಗುತ್ತಾನೆ ಅಂತ. ಎಮೀಲ್ ಅವಳ ಕೈ ಹಿಡಿದುಕೊಂಡಿದ್ದ.

ಹಿಡಿದ ಕೈಯಲ್ಲೇ ಅವನು ಆ ಮಾತನ್ನು ವಾದಕ್ಕೆಂದು ಎತ್ತಿಟ್ಟುಕೊಂಡಿದ್ದನೇ?

ಕಾರ್ಯಕ್ರಮ ಮುಗಿಯಿತು. ಅವನು ಕಾರಿಡಾರಿನಲ್ಲಿ ಹಿಂದೆಯೇ ಬಂದ. "ಕ್ಯಾಟ್, ಒಂದು ನಿಮಿಷ ನಿಲ್ಲು."

"ಮಿಸ್ಟರ್ ಗೊಡೆ," ಎಂದಳು. "ನಿಮ್ಮನ್ನ ನಂಬಿ ಹೇಳಿದ್ದು. ನಿಮಗೆ ವಾದಕ್ಕೆ ಸರಕು ಬೇಕಿದ್ರೆ ಮೊದಲೇ ಹೇಳ್ಬೇಕಿತ್ತು, ರೇಟು ಮಾತಾಡ್ಬಹುದಿತ್ತು."

ಅಷ್ಟು ಹೇಳಿ ನಡೆದುಬಿಟ್ಟಳು. ಅವಳು ತಿರುಗಿ ನೋಡಲಿಲ್ಲ. ನೋಡಬೇಕೆನಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಆಫೀಸಿನಲ್ಲಿ ಸಂಸ್ಥೆಯ ನಿರ್ದೇಶಕ ವಿಟ್ಲಾಕ್ ಬಾಗಿಲಲ್ಲೇ ಕಾದಿದ್ದ, ಮುಖ ಹಬ್ಬದಂತಿತ್ತು.

"ಅದ್ಭುತ ಕಣಮ್ಮ. ಅವನು ತಾನಾಗಿ ನಮ್ಮ ಕೈಗೆ ಕೊಟ್ಬಿಟ್ಟ. ನಿಮ್ಮಪ್ಪ, ಊರುಗೋಲು, ಹಿಂದೆ ಸಮುದ್ರ. ಎರಡು ನಿಮಿಷದ ವಿಡಿಯೊ ಮಾಡೋಣ. ನಮ್ಮ ಸಂಸ್ಥೆಗೆ ದಾನ ಕೊಡೋರು ಕಣ್ಣೀರು ಹಾಕ್ತಾರೆ."

"ಬೇಡ."

"ನಿನ್ನ ವಾದ ಗೆಲ್ಲೋದು ಬೇಡ್ವಾ?"

"ನನ್ನ ವಾದ ನಿಲ್ಲೋದಾದ್ರೆ ಅದರ ಕಾಲ ಮೇಲೇ ನಿಲ್ಲುತ್ತೆ, ಸರ್. ನಮ್ಮಪ್ಪನ ಸೊಂಟದ ಮೇಲಲ್ಲ. ಅವನು ಬಾಯಿ ತಪ್ಪಿ ಆಡಿದ. ನೀವು ಲೆಕ್ಕ ಹಾಕಿ ಆಡ್ತಿದ್ದೀರಿ. ಕ್ಯಾಮೆರಾ ಕಳಿಸಿದ್ರೆ ಅದೇ ದಿನ ನನ್ನ ರಾಜೀನಾಮೆ ನಿಮ್ಮ ಮೇಜಿನ ಮೇಲಿರುತ್ತೆ."

ವಿಟ್ಲಾಕ್ ಬಾಗಿಲು ಮುಚ್ಚಿಕೊಂಡ. ಕ್ಯಾಮೆರಾ ಹೋಗಲಿಲ್ಲ. ಆದರೆ ಅವಳ ಎದೆ ಉರಿಯುತ್ತಲೇ ಇತ್ತು. ಬಲಪಂಥದವರಿಗೂ ಅಪ್ಪ ಬೇಕು, ಎಡಪಂಥದವರಿಗೂ ಬೇಕು. ಆಪರೇಷನ್ ಮಾಡುವವರಿಗೆ ಮಾತ್ರ ಬೇಡ.

ಶನಿವಾರ ಕಾರು ಹತ್ತಿ, ಸಮುದ್ರಕ್ಕೆ ಅಡ್ಡ ಕಟ್ಟಿದ ಕಾಸ್‌ವೇ ರಸ್ತೆ ದಾಟಿ, ಇನ್ವರ್ನೆಸ್‌ನಲ್ಲಿದ್ದ ಅಪ್ಪನ ಮನೆ ಮುಟ್ಟಿದಳು. ಅಂಗಳದಲ್ಲಿ ಪರಿಚಯದ ನೀಲಿ ಕಾರು. ಒಳಗೆ ಅಡುಗೆಮನೆಯಲ್ಲಿ ಎಮೀಲ್ ಆಲೂಗಡ್ಡೆ ಸುಲಿಯುತ್ತಿದ್ದ. ಅಪ್ಪ ಮರ್ಡಾಕ್ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದ.

"ಇವರನ್ನ ಒಳಗೆ ಬಿಟ್ಟೋರು ಯಾರು?"

"ನಾನೇ," ಎಂದ ಅಪ್ಪ. "ಕ್ಷಮಾಪಣೆ ಕೇಳೋಕೆ ಬಂದ. ಸುಮ್ನೆ ಕೇಳಿಸ್ಕೊಂಡು ಕಳಿಸೋಕಾಗುತ್ತಾ, ಕೆಲಸ ಹಚ್ಚಿದೆ."

"ಅಪ್ಪಾ, ಇವರು ನಿನ್ನ ಕಷ್ಟಾನ ಊರಿಗೆಲ್ಲ ಸಾರಿದಾರೆ."

"ಕೇಳಿದೆ. ನನ್ನ ಹೆಸರೂ ಹೇಳಲಿಲ್ಲ. ಬರೀ 'ಅವರ ತಂದೆ'. ಇಷ್ಟು ವರ್ಷ ಲಾಬ್ಸ್ಟರ್ ಹಿಡಿದಿದ್ದಕ್ಕೆ ಇದೇನಾ ಮರ್ಯಾದೆ?" ಅಪ್ಪ ಊರುಗೋಲು ಊರಿ ಎದ್ದ. ಮುಖ ನೋವಿನಿಂದ ಕಿವುಚಿಕೊಂಡಿತು. ಇಬ್ಬರೂ ಒಟ್ಟಿಗೇ ಕೈಚಾಚಿದರು. "ಬಿಡಿ ಇಬ್ರೂ. ನಾನು ಜಗುಲಿಗೆ ಹೋಗ್ತೀನಿ. ಜಗಳ ಆಡೋದಿದ್ರೆ ಒಲೆ ಆರಿಸಿ ಆಡಿ."

ಬಾಗಿಲು ಮುಚ್ಚಿತು. ಎಮೀಲ್ ಚಾಕು ಕೆಳಗಿಟ್ಟ. ಒದ್ದೆ ಕೈಯನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ಹಾಗೇ ನಿಂತ.

"ಯಾಕೆ ಹಾಗಂದ್ರಿ?" ಎಂದಳು. "ಅದೊಂದು ಹೇಳಿ ಸಾಕು."

"ಸೋಲ್ತಾ ಇದ್ದೆ. ನರ್ಸ್‌ಗಳ ವಿಷಯಕ್ಕೆ ನೀನು ಕೊಟ್ಟ ಉತ್ತರ ಸರಿಯಾಗಿತ್ತು. ಎದುರು ಹೇಳೋಕೆ ನನ್ನ ಹತ್ರ ಏನೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನ ಎಸೆದೆ. ಅದು ನೀನು ನನ್ನ ಹತ್ರ ಇಟ್ಟಿದ್ದು."

ನೆಪ ಹೇಳುತ್ತಾನೆಂದು ಕಾದಿದ್ದಳು. ಎದುರಾಡಲು ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ಈಗ ಅವು ಬೇಕಾಗಲಿಲ್ಲ.

"ಇದನ್ನ ಅಡುಗೆಮನೇಲಿ ಹೇಳಿದ್ರೆ ಆಗಲ್ಲ. ಎಲ್ಲಿ ಆಡಿದ್ರೋ ಅಲ್ಲೇ ಹೇಳಿ."

"ಹೇಳ್ತೀನಿ."

"ಸೋಲ್ತಾ ಇದ್ದೆ ಅನ್ನೋದನ್ನೂ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೇ ಒರೆಸಿಕೊಂಡ. "ಅದನ್ನೂ."

ಗುರುವಾರ ಹೇಳಿದ. ನಿರೂಪಕಿ ಚರ್ಚೆ ಶುರುಮಾಡುವ ಮೊದಲೇ, ಚೀಟಿ ನೋಡದೆ, ನೇರವಾಗಿ. ನಂಬಿಕೆಯಿಂದ ಹೇಳಿದ ಮಾತನ್ನು ತಾನು ಆಯುಧ ಮಾಡಿಕೊಂಡೆ, ಮರ್ಡಾಕ್ ರಾಂಕಿನ್ ಅವರ ಹಾಗೂ ಅವರ ಮಗಳ ಕ್ಷಮೆ ಕೇಳುತ್ತೇನೆ, ಕಟ್ರೀನಾ ಅವರ ವಾದಕ್ಕೆ ಅಂದು ತನ್ನಲ್ಲಿ ಉತ್ತರ ಇರಲಿಲ್ಲ ಅಂತ. ಕಿವಿ ಕೆಂಪಗಾಗಿತ್ತು. ಅಷ್ಟು ಎತ್ತರದ ಆಳಿನ ಕಿವಿ ಅಷ್ಟು ಕೆಂಪಾಗುವುದನ್ನು ಕಟ್ರೀನಾ ಹಿಂದೆ ನೋಡಿರಲಿಲ್ಲ.

"ಹಾಗಾದ್ರೆ ಖಾಸಗಿ ಕ್ಲಿನಿಕ್‌ಗಳನ್ನ ಒಪ್ಕೊಂಡ್ರಾ?" ನಿರೂಪಕಿ ಕೇಳಿದಳು.

"ಇಲ್ಲ. ಈ ವಾರ ಓದ್ಕೊಂಡು ಬಂದಿದ್ದೀನಿ. ಅವರು ಹೇಳೋದು ಈಗಲೂ ತಪ್ಪು."

ಕಟ್ರೀನಾಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೈಕಿಗೆ ಬಾಗಿ, ಅವನು ಓದಿಕೊಂಡು ಬಂದದ್ದನ್ನೆಲ್ಲ ಒಂದೊಂದಾಗಿ ಉರುಳಿಸಿದಳು. ಅವನೂ ಬಿಡಲಿಲ್ಲ. ಅಂದಿನಷ್ಟು ಒಳ್ಳೆಯ ಜಗಳ ಅವರಿಬ್ಬರೂ ಎಂದೂ ಆಡಿರಲಿಲ್ಲ.

ಹೊರಗೆ ಬಂದಾಗ ಬಂದರಿನ ಮೇಲೆ ಮಂಜು ಕರಗುತ್ತಿತ್ತು. ಅವನು ಎರಡು ಹೆಜ್ಜೆ ದೂರದಲ್ಲೇ ನಿಂತ.

"ನಿನ್ನನ್ನ ಪ್ರೀತಿಸ್ತೀನಿ, ಕ್ಯಾಟ್. ಇದು ರೇಡಿಯೊಗಲ್ಲ."

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಗೊತ್ತು."

"ಬೇಗ ಇಳಿಯೋದೂ ಇಲ್ಲ."

"ಪರವಾಗಿಲ್ಲ. ಎಷ್ಟು ದಿನ ಆದ್ರೂ ಕಾಯ್ತೀನಿ."

ಆ ಮಾತು ಕೇಳಿದ್ದೇ ಅವಳ ಮೈ ಮತ್ತೆ ಉರಿಯಿತು. ಸೋಫಾದ ಮೇಲೆ ಮುದುಡಿ ಮಲಗಿದ ಅಪ್ಪ ಕಣ್ಣ ಮುಂದೆ ಬಂದ.

"ಈ ಪ್ರಾಂತ್ಯದಲ್ಲಿ ಇರೋರೆಲ್ಲ ಕಾಯೋದೇ ಆಯ್ತು," ಎಂದಳು. "ನೀನೂ ಕಾಯ್ಬೇಡ ಮಾರಾಯ. ಬಾ ಇಲ್ಲಿ."

ಅವನು ಬಂದ. ಸಿಟ್ಟು ಇದ್ದ ಹಾಗೆಯೇ ಅವಳು ಅವನ ಕೋಟಿನ ಕಾಲರು ಹಿಡಿದು ತನ್ನ ತುಟಿಯತ್ತ ಬಗ್ಗಿಸಿಕೊಂಡಳು.