ಇಪ್ಪತ್ತು ಅಡಿ ದೂರದಿಂದ

"ನೀವು ನಕ್ಕರೆ ನಂಗೆ ಕತ್ತರೀನೂ ಹಿಡಿಯೋಕಾಗಲ್ಲ."

ಬೆನ್ನ ಹಿಂದೆ ಕಟಿಂಗ್ ಮಾಸ್ಟರ್ ಪಿಸುಗುಟ್ಟಿದ್ದು ಕಾಜಾರಾಣಿಗೆ ಸ್ಪಷ್ಟವಾಗಿಯೇ ಕೇಳಿಸಿತು. ಅವಳು ತಿರುಗಲಿಲ್ಲ. ಯಾವಳ ಜೊತೆಗೋ ಫೋನಿನಲ್ಲಿ ಸರಸ! ಆಡಿಕೊಳ್ಳಲಿ, ತನಗೇನು? ಸೂಜಿಯನ್ನು ಮಾತ್ರ ಬಟ್ಟೆಗೆ ಜೋರಾಗಿ ಚುಚ್ಚಿದಳು.

ಟೈಲರ್ ಅಂಗಡಿಯಲ್ಲಿ ಗುಂಡಿ ತೂರಿಸುವ ತೂತುಗಳಿಗೆ ಕಾಜಾ ಹೊಲಿಯುವವಳಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಕಾಜಾರಾಣಿ. ಥೈರಾಯ್ಡ್ ಕಾಯಿಲೆ ಕಣ್ಣಿಗಿಳಿದು, ಗುಡ್ಡೆಗಳು ಮುಂದೆ ಚಾಚಿ, ಒಂದು ಸೂಜಿ ಎರಡಾಗಿ ಕಂಡಾಗ ತನ್ನ ಕೆಲಸ ಮುಗಿಯಿತೆಂದೇ ಅತ್ತಿದ್ದಳು. ಆಗ ಡಾಕ್ಟರಮ್ಮ ಹೊಸ ಔಷಧಿಯ ಮಾತೆತ್ತಿದರು. ಮೂರು ವಾರಕ್ಕೊಂದು ಡ್ರಿಪ್, ಒಟ್ಟು ಎಂಟು. ಪ್ರತಿ ಸಲವೂ ಸ್ಕೂಟರಿನಲ್ಲಿ ಕರೆದೊಯ್ದವನು ಮಾಸ್ಟರ್. ನಾಲ್ಕು ಮುಗಿಯುವಷ್ಟರಲ್ಲಿ ಸೂಜಿ ಒಂದೇ ಆಯಿತು.

ಆದರೆ ಈ ಪಿಸುಮಾತು? ಅವಳು ಹತ್ತಿರ ಬಂದರೆ ಡ್ರಾಯರ್ ಸೇರುವ ಆ ನೋಟ್‌ಬುಕ್?

"ಏನ್ ಬರೀತಿದೀರಿ, ಮಾಸ್ಟ್ರೇ?"

"ಅಳತೆ."

"ಯಾರದ್ದು?"

"ಒಬ್ರದ್ದು." ಅವನ ಕಿವಿ ಕೆಂಪಾಯಿತು. ಕಳ್ಳ!

ಐದನೇ ಡ್ರಿಪ್ಪಿನ ದಿನ ಡಾಕ್ಟರಮ್ಮ ತಲೆಯಾಡಿಸಿದರು. "ಈ ಔಷಧಿ ನಿಲ್ಲಿಸ್ಬೇಕಾಗತ್ತಮ್ಮ. ಕೆಲವರಿಗೆ ಕಿವಿ ಮಂದ ಆಗತ್ತೆ ಅಂತ ಮೊದ್ಲೇ ಹೇಳಿದ್ನಲ್ಲ? ನಿಮಗೆ ಕೇಳಿಸ್ತಿಲ್ವಂತೆ."

"ಯಾರ್ ಹೇಳಿದ್ದು?"

ಮಾಸ್ಟರ್ ತಲೆ ತಗ್ಗಿಸಿದ. ಅವಳು ಅವನ ಕೈಯಲ್ಲಿದ್ದ ನೋಟ್‌ಬುಕ್ ಕಸಿದುಕೊಂಡಳು. ಬೆನ್ನ ಹಿಂದೆ ಪಿಸುಗುಟ್ಟಿ ಅವಳ ಕಿವಿ ಪರೀಕ್ಷಿಸಿದ ಲೆಕ್ಕ! 'ಹತ್ತು ಅಡಿ, ದಾರ ಕೇಳಿದೆ. ತಿರುಗಿದಳು.' 'ಹತ್ತು ಅಡಿ, ಕತ್ತರಿ ಮಾತು. ತಿರುಗಲಿಲ್ಲ.' 'ಐದೇ ಅಡಿ. ತಿರುಗಲಿಲ್ಲ. ದೇವರೇ.'

"ಅಯ್ಯೋ, ಎಲ್ಲಾ ಕೇಳಿಸಿದೆ ಡಾಕ್ಟ್ರೇ! ಇವ್ರು ಬೇರೆ ಯಾರಿಗೋ ಹೇಳ್ತಿದಾರೆ ಅಂತ ನಾನೇ ಮುಖ ಊದಿಸ್ಕೊಂಡಿದ್ದೆ!" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ದಾರ ಕೇಳೋದು ಬಿಟ್ಟು ಆ ಮಾತೆಲ್ಲ ಯಾಕೆ, ಮಾಸ್ಟ್ರೇ?"

"ನೀವು ತಿರುಗಿದ್ರೆ... ಮನಸ್ಸಲ್ಲಿರೋದು ಹೇಳಿದ ಹಾಗೂ ಆಗ್ತಿತ್ತಲ್ಲ."

ಡಾಕ್ಟರಮ್ಮ ನಕ್ಕರು. ಆದರೂ ಬಿಡದೆ ಕಿವಿಯ ಪರೀಕ್ಷೆ ಮಾಡಿಸಿದರು. ಕಿವಿ ಚೆನ್ನಾಗಿಯೇ ಇತ್ತು. ಐದನೇ ಡ್ರಿಪ್ ಶುರುವಾಯಿತು.

ಗುಡ್ಡೆಗಳು ಒಳಸರಿದು, ಎಷ್ಟೋ ತಿಂಗಳ ಮೇಲೆ ರೆಪ್ಪೆಗಳು ಪೂರ್ತಿ ಮುಚ್ಚಿದ್ದವು. ಅವಳು ಹಾಯಾಗಿ ಒರಗಿದ್ದಳು. ವಾರ್ಡಿನ ಆ ತುದಿಯ ಬಾಗಿಲಲ್ಲಿ ನಿಂತು ಮಾಸ್ಟರ್ ಉಸಿರಿನಷ್ಟೇ ಮೆಲ್ಲಗೆ ಕೇಳಿದ, "ನನ್ನ ಮದುವೆ ಆಗ್ತೀರಾ?"

ಅವಳು ಕಣ್ಣು ತೆರೆಯಲಿಲ್ಲ.

"ಬರ್ಕೊಳ್ಳಿ ಮಾಸ್ಟ್ರೇ. ಇಪ್ಪತ್ತು ಅಡಿ. ಒಪ್ಪಿದಳು."