ಬೂಟು ಕಟ್ಟಿಕೊಂಡು ಬಂದವನು

ಅಂದು ಅವನು ಬೂಟು ಕಟ್ಟಿಕೊಂಡೇ ನನ್ನ ಕೋಣೆಗೆ ಬಂದ. ಏನೋ ಸರಿಯಿಲ್ಲವೆಂದು ಆಗಲೇ ಅನಿಸಿತು.

ಏಳು ವರ್ಷಗಳಿಂದ ನಾನು ಈ ತಂಡದ ಫಿಸಿಯೋ, ಅವನು ತಂಡದ ಅತಿ ವೇಗದ ಬೌಲರ್. ಪ್ರತಿ ಟೆಸ್ಟಿನ ಬೆಳಿಗ್ಗೆ ನನ್ನೆದುರೇ ಬಗ್ಗಿ ಬೂಟು ಕಟ್ಟಿಕೊಳ್ಳುವುದು ಅವನ ರೂಢಿ. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದರೆ ಸದಾ ಒಂದೇ ಉತ್ತರ: ಎರಡು. ಬೆನ್ನುಮೂಳೆ ಬಿರುಕು ಬಿಟ್ಟ ದಿನವೂ ಎರಡೇ. ಹಾಗಾಗಿ ಅವನ ಬಾಯಿ ನಂಬುವುದು ಬಿಟ್ಟು, ಅವನು ಬಗ್ಗುವುದನ್ನು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಬೆನ್ನನ್ನಷ್ಟೇ ನೋಡುತ್ತಿರಲಿಲ್ಲ.

ಹೋದ ವರ್ಷ ನೋಡಿಯೂ ನೋಡದವಳಂತೆ ಫಿಟ್‌ನೆಸ್ ಫಾರಂಗೆ ಸಹಿ ಹಾಕಿದೆ. ಆ ಕಣ್ಣುಗಳಿಗೆ ಇಲ್ಲವೆನ್ನಲು ಆಗಲಿಲ್ಲ. ಮೂರನೇ ಓವರಿನಲ್ಲಿ ಬಿದ್ದವನನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದರು. ಆ ಪಾಪ ನನ್ನದು. ಇನ್ನೊಮ್ಮೆ ಹೀಗಾದರೆ ನಡೆಯುವುದೇ ಅನುಮಾನ ಎಂದು ಸರ್ಜನ್ ಹೇಳಿದ್ದರು.

"ಡಾಕ್ಟರಮ್ಮ, ಬೇಗ ಸಹಿ ಹಾಕ್ಬಿಡಿ. ಟಾಸ್‌ಗೆ ಅರ್ಧ ಗಂಟೆ ಇದೆ."

"ನಾನು ಡಾಕ್ಟರಲ್ಲ. ನೋವು ಎಷ್ಟು?"

"ಎರಡು." ಕಣ್ಣು ಮಿಟುಕಿಸಿದ. "ನಿಮ್ಮನ್ನ ನೋಡಿದ್ಮೇಲೆ ಒಂದೂವರೆ."

"ಬೂಟು ಯಾರು ಕಟ್ಟಿದ್ದು?"

"ಇದೇನು ಪೊಲೀಸ್ ಸ್ಟೇಷನ್ನಾ?"

ಮಂಡಿಯೂರಿ ಅವನ ಎಡಗಾಲಿನ ಲೇಸು ಬಿಚ್ಚಿದೆ. ಅವನು ಹಾಕುವ ಗಂಟು ಅದಲ್ಲ. ವಿಕೆಟ್ ಕೀಪರನನ್ನು ಕಾಡಿಬೇಡಿ ಕಟ್ಟಿಸಿಕೊಂಡಿದ್ದನೇನೋ.

"ಈಗ ನೀನೇ ಕಟ್ಟು."

ಏಳು ವರ್ಷದಲ್ಲಿ ಮೊದಲ ಸಲ ನೀನು ಎಂದಿದ್ದೆ. ಅವನ ನಗು ಆರಿತು. ಬಗ್ಗಿದ. ಕೈ ಮಂಡಿಯವರೆಗೆ ಬಂದು ಅಲ್ಲೇ ನಿಂತಿತು. ತುಟಿ ಬಿಳಿಚಿಕೊಂಡಿತು. ಹೊರಗೆ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು.

"ಇವತ್ತು ಬಿಟ್ರೆ ಮುಗೀತು ಕಣೇ. ಮೂವತ್ತೈದಾಯ್ತು. ಇನ್ಯಾರು ಕರೀತಾರೆ ನನ್ನ?"

"ಗೊತ್ತು."

"ಗೊತ್ತಿದ್ದೂ ಹೀಗ್ ಮಾಡ್ತೀಯಾ?"

"ಹೂಂ. ನಿನ್ನ ಮೇಲಿನ ಪ್ರೀತಿಗೇ ಹೋದ್ಸಲ ಸಹಿ ಹಾಕ್ದೆ. ಈ ಸಲ ಅದಕ್ಕೇ ಹಾಕಲ್ಲ. ಜೀವಮಾನವಿಡೀ ನನ್ನ ಮುಖ ನೋಡ್ಬೇಡ, ಪರವಾಗಿಲ್ಲ. ಎದ್ದು ಓಡಾಡ್ಕೊಂಡಿರು, ಸಾಕು."

ಫಾರಂನಲ್ಲಿ ಅನ್‌ಫಿಟ್ ಎಂದು ಬರೆದೆ. ಹದಿನಾಲ್ಕು ವರ್ಷದ ಅವನ ಆಟ ಆ ಒಂದು ಪದಕ್ಕೆ ಮುಗಿಯಿತು. ನೋವಿನ ಕಾಲಂ ಇನ್ನೂ ಖಾಲಿ ಇತ್ತು.

"ಎಷ್ಟು ಅಂತ ಬರೀಲಿ?"

ಅವನು ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ನಾನು ತಡೆಯಲಿಲ್ಲ. ಆಮೇಲೆ ಬಲಗಾಲನ್ನು ಮೆಲ್ಲಗೆ ನನ್ನ ಕಡೆ ಚಾಚಿದ.

"ಒಂಬತ್ತು," ಎಂದ. "ಇನ್ನೊಂದೂ ಬಿಚ್ಚು. ನನ್ ಕೈಲಿ ಆಗ್ತಿಲ್ಲ."